ಡಿಫೆನ್ಸಿವ್ ಕೋಆರ್ಡಿನೇಟರ್ ಒಬ್ಬರು ಒಳ್ಳೆಯ ಹೆಡ್ ಕೋಚ್ ಆಗಬಲ್ಲರೇ ಎಂದು ಅಳೆಯುವುದು ಹೇಗೆ?

ನೀವು ಕೇಳಿರುವುದು ಇಷ್ಟು: ನಿಮ್ಮ ಮೆಚ್ಚಿನ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ತಂಡಕ್ಕೆ ಹೊಸ ಹೆಡ್ ಕೋಚ್ ಬೇಕಾಗಿದ್ದಾರೆ. ಲೀಗಿನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡದ ಡಿಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಎದುರಾಳಿಯನ್ನು ತಡೆಯುವ ಪಡೆಯನ್ನು ನಡೆಸುವ ಕೋಚ್, ಅವರ ಹೆಸರು ಎಲ್ಲರ ಬಾಯಲ್ಲಿದೆ. ಅವರನ್ನು ತರುವುದು ಸರಿಯೇ, ಏನನ್ನು ನೋಡಿ ನಿರ್ಧರಿಸಬೇಕು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಡಿಫೆನ್ಸ್ ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆಫೆನ್ಸನ್ನು, ಅಂದರೆ ಚೆಂಡನ್ನು ಮುಂದೆ ಒಯ್ದು ಅಂಕ ಗಳಿಸುವ ಪಡೆಯನ್ನು, ಅವರು ಯಾರ ಕೈಗೆ ಒಪ್ಪಿಸುತ್ತಾರೆ, ಆ ವ್ಯಕ್ತಿ ಎರಡು ವರ್ಷದಲ್ಲಿ ಬಿಟ್ಟುಹೋದರೆ ಆ ಜಾಗಕ್ಕೆ ಯಾರನ್ನು ತರುತ್ತಾರೆ ಎಂದು ಕೇಳಿ. ಸಂದರ್ಶನದ ಕೋಣೆಯಲ್ಲಿ ನನಗೆ ಒಂದೇ ಪ್ರಶ್ನೆಗೆ ಅವಕಾಶ ಸಿಕ್ಕರೆ ಇದನ್ನೇ ಕೇಳುತ್ತೇನೆ.

ಈ ಮಾತು ಪುಸ್ತಕದ ಜ್ಞಾನವಲ್ಲ. ನಾನು ನ್ಯೂಜೆರ್ಸಿಗೆ ಬಂದು ಹದಿನೈದು ವರ್ಷ ದಾಟಿತು. ಬಂದ ಹೊಸದರಲ್ಲಿ ಕಚೇರಿಯ ಗೆಳೆಯರೊಬ್ಬರು ನ್ಯೂಯಾರ್ಕ್ ಜೆಟ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದರು, ಅಂದಿನಿಂದ ಆ ಹಸಿರು ಅಂಗಿಯವರು ನನ್ನ ಮನೆಯವರೇ ಆಗಿಬಿಟ್ಟರು. 2021ರಲ್ಲಿ ರಾಬರ್ಟ್ ಸಾಲೆಹ್ ಅವರನ್ನು ಹೆಡ್ ಕೋಚ್ ಆಗಿ ತಂದಾಗ ಎಷ್ಟು ಸಂತೋಷಪಟ್ಟಿದ್ದೆ ಎಂಬುದು ಇನ್ನೂ ನೆನಪಿದೆ. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಡಿಫೆನ್ಸನ್ನು 2019ರ ಋತುವಿನಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಕೊಂಡೊಯ್ದವರು ಅವರು. ಮರುವರ್ಷ ಅದರ ತಾರೆ ನಿಕ್ ಬೋಸಾ ಎರಡನೆಯ ಪಂದ್ಯದಲ್ಲೇ ಮಂಡಿಗೆ ಗಾಯ ಮಾಡಿಕೊಂಡು ಹೊರಗೆ ಕುಳಿತರೂ ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ ಆ ಡಿಫೆನ್ಸ್ ಐದನೆಯ ಸ್ಥಾನದಲ್ಲಿ ನಿಂತಿತ್ತು. ಆಟಗಾರರು ಗಾಯಗೊಂಡಾಗಲೂ ನಿಲ್ಲುವ ಡಿಫೆನ್ಸ್ ಕೋಚ್‌ನ ಕೈಚಳಕಕ್ಕೆ ಸಾಕ್ಷಿ ಎಂದು ಆಗ ನಾನೂ ವಾದಿಸಿದ್ದೆ.

ಆ ವಾದ ಸುಳ್ಳಾಗಲಿಲ್ಲ ಎಂಬುದೇ ನನ್ನ ನೋವು. 2021ರಲ್ಲಿ ಜೆಟ್ಸ್ ಡಿಫೆನ್ಸ್ ಲೀಗಿನಲ್ಲೇ ಕಟ್ಟಕಡೆಯದು. ಒಂದೇ ವರ್ಷದಲ್ಲಿ ಸಾಲೆಹ್ ಅದನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿದರು. ತಾವು ಬಲ್ಲ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರು. ಆದರೂ 20 ಗೆಲುವು, 36 ಸೋಲುಗಳ ಲೆಕ್ಕದೊಂದಿಗೆ 2024ರ ಅಕ್ಟೋಬರ್‌ನಲ್ಲಿ ಕೆಲಸ ಕಳೆದುಕೊಂಡರು.

ಈ ಆಟ ಹೊಸದಾಗಿರುವ ಓದುಗರಿಗೆ ಒಂದು ಮಾತು. ಕ್ರಿಕೆಟ್‌ನಲ್ಲಿ ಬೌಲರ್ ಕೂಡ ಬ್ಯಾಟ್ ಹಿಡಿಯಲೇಬೇಕು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಮುಂದೆ ಒಯ್ಯುವ ಹನ್ನೊಂದು ಮಂದಿಯೇ ಬೇರೆ, ತಡೆಯುವ ಹನ್ನೊಂದು ಮಂದಿಯೇ ಬೇರೆ. ಅವರ ಸಭೆ ನಡೆಯುವ ಕೋಣೆಗಳು ಬೇರೆ, ಕಲಿಯುವ ಪಾಠ ಬೇರೆ, ಕೋಚ್‌ಗಳೂ ಬೇರೆ. ಡಿಫೆನ್ಸ್ ಕಡೆ ಇಪ್ಪತ್ತು ವರ್ಷ ದುಡಿದವರು, ಚೆಂಡು ಎಸೆದು ಆಫೆನ್ಸ್ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಒಂದು ದಿನವೂ ತಾವಾಗಿ ತಿದ್ದಿರುವುದಿಲ್ಲ. ಆ ಕ್ವಾರ್ಟರ್‌ಬ್ಯಾಕ್ ಮೇಲೆಯೇ ಇಡೀ ತಂಡದ ಭವಿಷ್ಯ ನಿಂತಿರುತ್ತದೆ.

ಈಗ ಸಾಲೆಹ್ ಪಕ್ಕದಲ್ಲಿ ಡಿಮೆಕೊ ರಯನ್ಸ್ ಅವರನ್ನು ನಿಲ್ಲಿಸಿ ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಾಲೆಹ್ ಬಿಟ್ಟ ಕುರ್ಚಿಯಲ್ಲಿ ಕುಳಿತವರೇ ಅವರು. ಇಬ್ಬರಿಗೂ ಮೇಲಿನವರು ಹೆಡ್ ಕೋಚ್ ಕೈಲ್ ಶಾನಹಾನ್ ಒಬ್ಬರೇ, ಆಟಗಾರರಲ್ಲಿ ಮುಖ್ಯರಾದವರೂ ಹೆಚ್ಚುಕಡಿಮೆ ಅವರೇ. 2023ರಲ್ಲಿ ರಯನ್ಸ್ ಹ್ಯೂಸ್ಟನ್‌ಗೆ ಹೋದರು. ಹಿಂದಿನ ವರ್ಷ ಬರೀ ಮೂರು ಪಂದ್ಯ ಗೆದ್ದಿದ್ದ ತಂಡ ಅವರ ಮೊದಲ ವರ್ಷದಲ್ಲೇ ಹತ್ತು ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಇಬ್ಬರಿಗೂ ಮೊದಲ ವರ್ಷದಲ್ಲೇ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟಿನ ಎರಡನೆಯ ಆಯ್ಕೆಯಾಗಿ ಬಂದ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ್ದರು: ಸಾಲೆಹ್‌ಗೆ ಜಾಕ್ ವಿಲ್ಸನ್, ರಯನ್ಸ್‌ಗೆ ಸಿ.ಜೆ. ಸ್ಟ್ರೌಡ್.

ಒಬ್ಬರಿಗೆ ಅದೃಷ್ಟ ಒಲಿಯಿತು, ಇನ್ನೊಬ್ಬರಿಗೆ ಒಲಿಯಲಿಲ್ಲ ಎಂದು ಹೇಳಿ ಮುಗಿಸಬಹುದು. ಅದರಲ್ಲಿ ಸತ್ಯವೂ ಇದೆ. ಆದರೆ ಆ ಹುಡುಗರ ಸುತ್ತ ಯಾರಿದ್ದರು ಎಂದು ನೋಡಿ. ಹ್ಯೂಸ್ಟನ್‌ನಲ್ಲಿ ಮೊದಲ ದಿನದಿಂದಲೂ ಸ್ಟ್ರೌಡ್ ಪಕ್ಕದಲ್ಲಿ ಹಲವು ತಂಡಗಳ ನೀರು ಕುಡಿದಿದ್ದ ಹಿರಿಯ ಕ್ವಾರ್ಟರ್‌ಬ್ಯಾಕ್ ಕೇಸ್ ಕೀನಮ್ ಇದ್ದರು. ನ್ಯೂಯಾರ್ಕ್‌ನಲ್ಲಿ ಆಫೆನ್ಸ್ ಹೊಣೆ ಹೊತ್ತ ಮೈಕ್ ಲಾಫ್ಲೂರ್ ಆ ಹುದ್ದೆಗೆ ಹೊಸಬರು. ಅವರಿಗೂ ವಿಲ್ಸನ್‌ಗೂ ಆಸರೆಯಾಗಲೆಂದು ತಂದಿದ್ದ ಹಿರಿಯ ಕೋಚ್ ಗ್ರೆಗ್ ನ್ಯಾಪ್, 2021ರ ಜುಲೈನಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರು ಡಿಕ್ಕಿ ಹೊಡೆದು ತೀರಿಕೊಂಡರು. ಅದು ಯಾರ ತಪ್ಪೂ ಅಲ್ಲದ ದುರಂತ, ಇಂದಿಗೂ ನೆನೆದರೆ ಮನಸ್ಸು ಭಾರವಾಗುತ್ತದೆ. ಆದರೆ ಆ ಜಾಗ ಖಾಲಿಯಾದ ಮೇಲೆ ಇನ್ನೊಬ್ಬ ಹಿರಿಯ ಕೋಚ್ ಮ್ಯಾಟ್ ಕ್ಯಾವನಾ ಬಂದದ್ದು ಆಗಸ್ಟ್‌ನಲ್ಲಿ. ಹಿರಿಯ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೊ ಬಂದದ್ದು ಅಕ್ಟೋಬರ್‌ನಲ್ಲಿ, ವಿಲ್ಸನ್ ಗಾಯಗೊಂಡ ನಂತರ. ಆಫೆನ್ಸ್ ಕಡೆಯಿಂದ ಬಂದ ಹೆಡ್ ಕೋಚ್ ಆಗಿದ್ದರೆ ಆ ಬೇಸಿಗೆಯಲ್ಲಿ ತಾವೇ ಆ ಹುಡುಗನ ಪಕ್ಕ ಕುಳಿತುಕೊಳ್ಳುತ್ತಿದ್ದರು. ಡಿಫೆನ್ಸ್ ಕಡೆಯವರಿಗೆ ಆ ದಾರಿ ಇಲ್ಲ. ಆದ್ದರಿಂದಲೇ ಅವರಿಗೆ ಒಬ್ಬರಲ್ಲ, ಇಬ್ಬರು ಮೂವರು ಬೇಕು.

ಇಂಥದೇ ಇನ್ನೊಂದು ಜೋಡಿ ಸಿಯಾಟಲ್‌ನದು. 2012ರಿಂದ 2015ರವರೆಗೆ ಸತತ ನಾಲ್ಕು ವರ್ಷ ಲೀಗಿನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಅದು. 2012ರಲ್ಲಿ ಕೋಆರ್ಡಿನೇಟರ್ ಆಗಿದ್ದವರು ಗಸ್ ಬ್ರಾಡ್ಲಿ, ಮುಂದಿನ ಎರಡು ವರ್ಷ ಡ್ಯಾನ್ ಕ್ವಿನ್. ಆ ಡಿಫೆನ್ಸಿನ ತಾರೆಗಳಾದ ಅರ್ಲ್ ಥಾಮಸ್, ರಿಚರ್ಡ್ ಶೆರ್ಮನ್, ಕ್ಯಾಮ್ ಚಾನ್ಸಲರ್ ಇಬ್ಬರಿಗೂ ಆಡಿದರು. ಹೆಡ್ ಕೋಚ್ ಪೀಟ್ ಕ್ಯಾರಲ್ ಸ್ವತಃ ಡಿಫೆನ್ಸ್ ಬಲ್ಲವರು, ಆ ಡಿಫೆನ್ಸಿನ ವಿನ್ಯಾಸವೇ ಅವರದು. ಬ್ರಾಡ್ಲಿ ಜಾಕ್ಸನ್‌ವಿಲ್‌ಗೆ ಹೋಗಿ 14 ಗೆದ್ದು 48 ಸೋತರು. ಕ್ವಿನ್ ಅಟ್ಲಾಂಟಾಕ್ಕೆ ಹೋಗಿ ಎರಡನೆಯ ವರ್ಷದಲ್ಲೇ ಸೂಪರ್ ಬೌಲ್ ತಲುಪಿದರು. ಬ್ರಾಡ್ಲಿಯವರದು ಗೆಲುವನ್ನೇ ಮರೆತಿದ್ದ ತಂಡ, ಅಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಹೊಸದಾಗಿ ಹುಡುಕಬೇಕಿತ್ತು. ಕ್ವಿನ್‌ಗೆ ಮ್ಯಾಟ್ ರಯನ್ ಮೊದಲೇ ಅಲ್ಲಿದ್ದರು, ಆಫೆನ್ಸ್ ನಡೆಸಲು ಕೈಲ್ ಶಾನಹಾನ್ ಬಂದರು.

ಒಂದೇ ಡಿಫೆನ್ಸ್, ಒಂದೇ ಅಂಕಪಟ್ಟಿ, ಎರಡು ಬೇರೆ ಬೇರೆ ಹಣೆಬರಹ. ಆ ಅಂಕಪಟ್ಟಿ ಮುಂದಿನದನ್ನು ಹೇಳಬಲ್ಲದಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಅಟ್ಲಾಂಟಾದ ಕಥೆಯ ಬಳಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಬೇಕಾದ ಎಲ್ಲವೂ ಅದರಲ್ಲಿದೆ. 2016ರಲ್ಲಿ ಆ ತಂಡ 540 ಅಂಕ ಗಳಿಸಿತು, ಲೀಗಿನಲ್ಲೇ ಅತಿ ಹೆಚ್ಚು. 2017ರ ಫೆಬ್ರವರಿ 5ರಂದು ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ವಿರುದ್ಧ 28-3ರಿಂದ ಮುಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಅದು 28-20ಕ್ಕೆ ಇಳಿಯಿತು. ಆಗ ಅಟ್ಲಾಂಟಾದ ಹೂಲಿಯೊ ಜೋನ್ಸ್ ಗೆರೆಯಂಚಿನಲ್ಲಿ ಅದ್ಭುತವಾಗಿ ಚೆಂಡು ಹಿಡಿದರು. ಎದುರಾಳಿಯ 22 ಗಜದ ಗೆರೆ, ಐದು ನಿಮಿಷಕ್ಕೂ ಕಡಿಮೆ ಸಮಯ. ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ಮೂರು ಸಲ ಓಡಿ, ಗಡಿಯಾರ ಸವೆಸಿ, ಮೂರು ಅಂಕದ ಫೀಲ್ಡ್ ಗೋಲ್ ಒದ್ದಿದ್ದರೆ ಅಂತರ ಹನ್ನೊಂದಾಗುತ್ತಿತ್ತು. ಒಂದು ಸಲ ಓಡಿದರು, ಒಂದು ಗಜ ಕಳೆದುಕೊಂಡರು. ಮುಂದಿನ ಸಲ ಎಸೆಯಲು ಹೋದಾಗ ಮ್ಯಾಟ್ ರಯನ್ ಅವರನ್ನು ಹನ್ನೆರಡು ಗಜ ಹಿಂದೆ ಕೆಡವಿದರು. ಅದರ ಮೇಲೆ ಎದುರಾಳಿಯನ್ನು ಹಿಡಿದೆಳೆದದ್ದಕ್ಕೆ ಹೋಲ್ಡಿಂಗ್ ದಂಡ ಬಿತ್ತು, ಫೀಲ್ಡ್ ಗೋಲ್ ಕೈತಪ್ಪಿತು. ಹೆಚ್ಚುವರಿ ಸಮಯದಲ್ಲಿ 34-28ರಿಂದ ಸೋತರು.

ಆ ಪ್ಲೇಗಳನ್ನು, ಅಂದರೆ ಪ್ರತಿ ಸಲದ ನಡೆಗಳನ್ನು, ಆರಿಸಿದವರು ಶಾನಹಾನ್. ಆದರೆ ಹೆಡ್‌ಸೆಟ್‌ನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಹೆಡ್ ಕೋಚ್ ‘ಓಡಿಸಿ’ ಎಂಬ ಒಂದು ಮಾತು ಹೇಳಬಹುದಿತ್ತು. ಪರಿಣತನಾದ ಸಹಾಯಕನ ಕೆಲಸದಲ್ಲಿ ಕೈಹಾಕುವ ಗಳಿಗೆ ಯಾವುದು, ಸುಮ್ಮನಿರುವ ಗಳಿಗೆ ಯಾವುದು ಎಂಬ ವಿವೇಕ ಡಿಫೆನ್ಸ್ ಕಡೆಯಿಂದ ಬಂದವರಿಗೆ ಎಲ್ಲಕ್ಕಿಂತ ಕಠಿಣವಾದದ್ದು. ತನಗೆ ತಿಳಿಯದ ವಿದ್ಯೆಯಲ್ಲಿ ತನಗಿಂತ ಬಲ್ಲವನಿಗೆ ಬೇಡ ಎನ್ನಬೇಕು, ಅದೂ ನಲವತ್ತು ಸೆಕೆಂಡುಗಳೊಳಗೆ.

ಮರುದಿನವೇ ಶಾನಹಾನ್ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಹೆಡ್ ಕೋಚ್ ಆದರು. 2017ರಲ್ಲಿ ಅದೇ ಮ್ಯಾಟ್ ರಯನ್, ಅದೇ ಹೂಲಿಯೊ ಜೋನ್ಸ್ ಇದ್ದ ಅಟ್ಲಾಂಟಾ ಗಳಿಸಿದ್ದು 353 ಅಂಕ. ಒಬ್ಬ ಮನುಷ್ಯ ಬಾಗಿಲು ದಾಟಿದ್ದಕ್ಕೆ ತೆತ್ತ ಬೆಲೆ ಅದು ಎಂದು ನಾನು ನಂಬುತ್ತೇನೆ. ಡಿಫೆನ್ಸ್ ಕಡೆಯ ಹೆಡ್ ಕೋಚ್ ಗೆದ್ದಷ್ಟೂ ಅವರ ಆಫೆನ್ಸ್ ಸಹಾಯಕನಿಗೆ ಬೇಡಿಕೆ ಏರುತ್ತದೆ. ಗೆಲುವೇ ಅವರ ಬಲಗೈಯನ್ನು ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಅಭ್ಯರ್ಥಿಯ ಬಳಿ ಮೊದಲ ಹೆಸರು ಇದ್ದೇ ಇರುತ್ತದೆ, ನೀವು ಎರಡನೆಯ ಹೆಸರನ್ನು ಕೇಳಬೇಕು.

ಇನ್ನು ಬ್ರಾಂಡನ್ ಸ್ಟೇಲಿ ಅವರದು ಇದರ ತಲೆಕೆಳಗಾದ ಪಾಠ. ಲಾಸ್ ಏಂಜಲೀಸ್ ರ‍್ಯಾಮ್ಸ್ ಡಿಫೆನ್ಸನ್ನು ಅವರು ನಡೆಸಿದ್ದು ಒಂದೇ ವರ್ಷ, 2020ರಲ್ಲಿ. ಲೀಗಿನಲ್ಲೇ ಮೊದಲ ಸ್ಥಾನ ಬಂತು, ಚಾರ್ಜರ್ಸ್ ತಂಡ ಹೆಡ್ ಕೋಚ್ ಆಗಿ ಕರೆದುಕೊಂಡಿತು. ಅಲ್ಲಿ ಜಸ್ಟಿನ್ ಹರ್ಬರ್ಟ್‌ನಂಥ ಕ್ವಾರ್ಟರ್‌ಬ್ಯಾಕ್ ಸಿದ್ಧವಾಗಿದ್ದರು. ಕುಸಿದದ್ದು ಸ್ಟೇಲಿಯವರ ಸ್ವಂತ ವಿದ್ಯೆಯಾದ ಡಿಫೆನ್ಸೇ. ರ‍್ಯಾಮ್ಸ್‌ನಲ್ಲಿ ಅವರ ಮುಂದೆ ಆರನ್ ಡೊನಾಲ್ಡ್ ಮತ್ತು ಜೇಲನ್ ರ‍್ಯಾಮ್ಸಿ ನಿಂತಿದ್ದರು, ಅಂಥವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. 2023ರ ಜನವರಿಯ ಪ್ಲೇಆಫ್‌ನಲ್ಲಿ 27-0 ಮುನ್ನಡೆ ಕೈಬಿಟ್ಟು ಸೋತರು, ಅದೇ ವರ್ಷದ ಡಿಸೆಂಬರ್‌ನಲ್ಲಿ ರೈಡರ್ಸ್‌ಗೆ 63 ಅಂಕ ಬಿಟ್ಟುಕೊಟ್ಟ ಮರುದಿನ ಕೆಲಸ ಹೋಯಿತು. ಅವರು ಬಿಟ್ಟುಬಂದ ರ‍್ಯಾಮ್ಸ್ ಅವರಿಲ್ಲದೆಯೇ ಮರುವರ್ಷ ಸೂಪರ್ ಬೌಲ್ ಗೆದ್ದಿತ್ತು. ನಿಮ್ಮ ಅಭ್ಯರ್ಥಿ ಒಂದೇ ವರ್ಷದ ಹೆಸರಿನ ಮೇಲೆ ಬರುತ್ತಿದ್ದರೆ, ಆ ಡಿಫೆನ್ಸಿನ ಮೂರನೆಯ, ನಾಲ್ಕನೆಯ ದರ್ಜೆಯ ಆಟಗಾರರು ಅವರ ಕೈಯಲ್ಲಿ ಬೆಳೆದರೇ ಎಂದು ನೋಡಿ. ತಾರೆಗಳನ್ನು ನೋಡಿದರೆ ಏನೂ ತಿಳಿಯುವುದಿಲ್ಲ.

ಗಡಿಯಾರದ ಮಾತು ಒಂದಿಷ್ಟು. ಕೊನೆಯ ಯತ್ನವಾದ ನಾಲ್ಕನೆಯ ಡೌನ್‌ನಲ್ಲಿ ಒದೆಯಬೇಕೇ, ಮುನ್ನುಗ್ಗಬೇಕೇ, ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಯಾವಾಗ ಎಂಬ ತೀರ್ಮಾನಗಳು ಕೋಆರ್ಡಿನೇಟರ್ ಕೈಗೆ ಬರುವುದಿಲ್ಲ. ವಿಕ್ ಫಾಂಜಿಯೊ ನಮ್ಮ ಕಾಲದ ಅತ್ಯಂತ ಚತುರ ಡಿಫೆನ್ಸ್ ಕೋಚ್‌ಗಳಲ್ಲಿ ಒಬ್ಬರು. ಅರವತ್ತರ ವಯಸ್ಸಿನಲ್ಲಿ ಡೆನ್ವರ್‌ನಲ್ಲಿ ಮೊದಲ ಸಲ ಹೆಡ್ ಕೋಚ್ ಆದರು. 2020ರ ಮೊದಲ ಪಂದ್ಯದಲ್ಲಿ ಟೆನೆಸ್ಸೀ ತಂಡ ಗಡಿಯಾರ ಸವೆಸುತ್ತಾ ಗೆಲುವಿನ ಒದೆತಕ್ಕೆ ಹತ್ತಿರವಾಗುತ್ತಿದ್ದಾಗ ಅವರು ಟೈಮ್‌ಔಟ್‌ಗಳನ್ನು ಕೈಯಲ್ಲೇ ಉಳಿಸಿಕೊಂಡರು. 16-14ರಿಂದ ಸೋತಾಗ ಉತ್ತರ ಕೊಡಲು ಹದಿನೇಳು ಸೆಕೆಂಡು ಮಾತ್ರ ಉಳಿದಿತ್ತು. ಮೂರು ವರ್ಷದ ಲೆಕ್ಕ 19 ಗೆಲುವು, 30 ಸೋಲು. ಅದೇ ಫಾಂಜಿಯೊ ಮತ್ತೆ ಕೋಆರ್ಡಿನೇಟರ್ ಆಗಿ ಫಿಲಡೆಲ್ಫಿಯಾಗೆ ಬಂದರು. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಕಾನ್ಸಾಸ್ ಸಿಟಿಯ ಆಫೆನ್ಸನ್ನು ಅವರ ಡಿಫೆನ್ಸ್ ಕಟ್ಟಿಹಾಕಿತು. ತನಗೆ ಒಪ್ಪುವ ಜಾಗದಲ್ಲಿ ಆ ಮನುಷ್ಯ ಎಷ್ಟು ದೊಡ್ಡವರು ಎಂದು ಅಂದು ನೋಡಿ ಕಣ್ಣು ತುಂಬಿ ಬಂದಿತ್ತು.

ಹಾಗಾದರೆ ಸರಿಯಾದ ಆಯ್ಕೆ ಹೇಗಿರುತ್ತದೆ? ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ 2007ರ ಪಿಟ್ಸ್‌ಬರ್ಗ್. ಮೈಕ್ ಟಾಮ್ಲಿನ್‌ಗೆ ಆಗ 34 ವರ್ಷ, ಮಿನೆಸೋಟಾದಲ್ಲಿ ಒಂದೇ ವರ್ಷ ಕೋಆರ್ಡಿನೇಟರ್ ಆಗಿದ್ದವರು. ಅವರ ಡಿಫೆನ್ಸ್ ಓಟ ತಡೆಯುವುದರಲ್ಲಿ ಮೊದಲನೆಯದು, ಎಸೆತ ತಡೆಯುವುದರಲ್ಲಿ ಕಟ್ಟಕಡೆಯದು. ಅಂಕಪಟ್ಟಿ ನೋಡುವವರು ಆ ಹೆಸರನ್ನು ಅಲ್ಲೇ ಹೊಡೆದುಹಾಕುತ್ತಿದ್ದರು. ತಂಡದ ಮಾಲೀಕರಾದ ರೂನಿ ಕುಟುಂಬ ಮನುಷ್ಯನನ್ನು ನೋಡಿತು. ಟಾಮ್ಲಿನ್ ಬೆಳೆದದ್ದು ಟ್ಯಾಂಪಾದ ನಾಲ್ಕು-ಮೂರು (ಮುಂದಿನ ಸಾಲಿನಲ್ಲಿ ನಾಲ್ವರು, ಅವರ ಹಿಂದೆ ಮೂವರು) ಪದ್ಧತಿಯಲ್ಲಿ. ಪಿಟ್ಸ್‌ಬರ್ಗ್‌ನಲ್ಲಿ ಡಿಕ್ ಲಬೋ ಎಂಬ ಹಿರಿಯರು ಮೂರು-ನಾಲ್ಕು ಪದ್ಧತಿಯನ್ನು ನಡೆಸುತ್ತಿದ್ದರು. ಟಾಮ್ಲಿನ್ ತಮ್ಮ ವಿದ್ಯೆಯನ್ನು ಪಕ್ಕಕ್ಕಿಟ್ಟು ಲಬೋ ಅವರನ್ನೂ ಅವರ ಪದ್ಧತಿಯನ್ನೂ ಹಾಗೆಯೇ ಉಳಿಸಿಕೊಂಡರು. ಎರಡನೆಯ ವರ್ಷದಲ್ಲಿ ಸೂಪರ್ ಬೌಲ್ ಗೆದ್ದರು. ತನ್ನ ಹೆಮ್ಮೆಯ ವಿಷಯದಲ್ಲೇ ಇನ್ನೊಬ್ಬರಿಗೆ ಜಾಗ ಬಿಡಬಲ್ಲವರು ಆಫೆನ್ಸ್ ವಿಷಯದಲ್ಲೂ ಬಿಡಬಲ್ಲರು.

ಒಮ್ಮೆ ಸೋತವರನ್ನೂ ಪಟ್ಟಿಯಿಂದ ತೆಗೆಯಬೇಡಿ. ಬಿಲ್ ಬೆಲಿಚೆಕ್ ಕ್ಲೀವ್‌ಲ್ಯಾಂಡ್‌ನಲ್ಲಿ 36 ಗೆದ್ದು 44 ಸೋತವರು, ಆಮೇಲೆ ನ್ಯೂ ಇಂಗ್ಲೆಂಡ್‌ನಲ್ಲಿ ಆರು ಸೂಪರ್ ಬೌಲ್. ಕ್ವಿನ್ ಕೂಡ 2020ರಲ್ಲಿ ಅಟ್ಲಾಂಟಾದಲ್ಲಿ ಕೆಲಸ ಕಳೆದುಕೊಂಡ ಮೇಲೆ ಡಲಾಸ್‌ನಲ್ಲಿ ಮತ್ತೆ ಕೋಆರ್ಡಿನೇಟರ್ ಆದರು, ಸಿಯಾಟಲ್‌ನ ಹಳೆಯ ಪದ್ಧತಿಗೇ ಅಂಟಿಕೊಳ್ಳದೆ ಕೈಯಲ್ಲಿದ್ದ ಆಟಗಾರರಿಗೆ ತಕ್ಕಂತೆ ಬದಲಾದರು. 2024ರಲ್ಲಿ ವಾಷಿಂಗ್ಟನ್‌ಗೆ ಬಂದಾಗ ಹಿಂದಿನ ವರ್ಷ ನಾಲ್ಕು ಗೆದ್ದಿದ್ದ ತಂಡ ಹನ್ನೆರಡು ಗೆದ್ದು ಸೂಪರ್ ಬೌಲ್‌ಗೆ ಒಂದು ಪಂದ್ಯದ ದೂರದವರೆಗೆ ಹೋಯಿತು. ಹೊಸ ಹುಡುಗ ಜೇಡನ್ ಡೇನಿಯಲ್ಸ್ ಅವರನ್ನು ಕ್ವಿನ್ ಒಪ್ಪಿಸಿದ್ದು ಕ್ಲಿಫ್ ಕಿಂಗ್ಸ್‌ಬರಿ ಅವರಿಗೆ, ಅರಿಜೋನಾದಲ್ಲಿ ತಾವೇ ಹೆಡ್ ಕೋಚ್ ಆಗಿದ್ದವರು.

ಹೊರಗಿನಿಂದ ನೋಡುವ ನಮಗೆ ಸಂದರ್ಶನದ ಕೋಣೆಯೊಳಗೆ ಪ್ರವೇಶವಿಲ್ಲ, ನಿಜ. ಆದರೆ ನೇಮಕವಾದ ಕೆಲವೇ ವಾರಗಳಲ್ಲಿ ಸಿಬ್ಬಂದಿಯ ಪಟ್ಟಿ ಹೊರಬರುತ್ತದೆ. ಆಫೆನ್ಸಿವ್ ಕೋಆರ್ಡಿನೇಟರ್ ಯಾರು, ಹಿಂದೆ ತಾವೇ ಪ್ಲೇ ಆರಿಸಿದ್ದಾರೆಯೇ, ಕ್ವಾರ್ಟರ್‌ಬ್ಯಾಕ್ ಕೋಚ್ ಯಾರು, ಅವರಲ್ಲಿ ಒಬ್ಬರಾದರೂ ಮುಂದೆ ಮೇಲೇರಬಲ್ಲ ಕಿರಿಯರೇ ಎಂಬುದನ್ನು ಅಲ್ಲಿ ನೋಡಿ. ನಿಮ್ಮ ತಂಡದ ಆ ಪಟ್ಟಿ ಬಂದ ದಿನ ಇಲ್ಲಿಯೇ ಕೆಳಗೆ ಬರೆಯಿರಿ. ಆ ಮೂವರು ಹಿಂದೆ ನಡೆಸಿದ ಪಂದ್ಯಗಳನ್ನು ನೋಡಿ ನನಗೆ ಅನಿಸಿದ್ದನ್ನು ಖಂಡಿತ ಹೇಳುತ್ತೇನೆ.