ಹಿಂದಕ್ಕೆ ಜಾರುವಾಗ ಕಣ್ಣು ಎಲ್ಲಿರಬೇಕು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಬಗ್ಗೆ ಇದ್ದವು. ಸ್ಕೀ ಹಾಕಿಕೊಂಡು ಹಿಂದಕ್ಕೆ ಜಾರುವುದು. ಫ್ರೀಸ್ಟೈಲ್ ಸ್ಕೀಯಿಂಗ್, ಅಂದರೆ ಸ್ಕೀ ಮೇಲೆ ಹಾರುವ, ಸುತ್ತುವ ಆಟ ಆಡುವವರು ಇದಕ್ಕೆ ಸ್ವಿಚ್ ಅನ್ನುತ್ತಾರೆ. ನನಗೆ ತುಂಬಾ ಇಷ್ಟವಾದ ವಿಷಯ, ಹಾಗಾಗಿ ಈ ವಾರದ ಜಾಗವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ಎರಡು ಸೀಸನ್ ಸ್ಕೀ ಮಾಡಿದ್ದೇನೆ. ಎರಡೂ ಸ್ಕೀ ಜೋಡಿಯಾಗಿ ಇಟ್ಟುಕೊಂಡು ತಿರುಗಲು ಬರುತ್ತದೆ, ನಿಲ್ಲಲು ಬರುತ್ತದೆ. ಈಗ ಫ್ರೀಸ್ಟೈಲ್ ಕಡೆ ಮನಸ್ಸು ಹೋಗಿದೆ. ‘ಮೊದಲು ಒನ್ ಎಯ್ಟಿ ಹಾರು, ಹಿಂದಕ್ಕೆ ಹೋಗೋದು ತಾನಾಗೇ ಬರುತ್ತೆ’ ಅಂತ ಗೆಳೆಯರು ಹೇಳುತ್ತಾರೆ. ಮೂರು ಸಲ ನೋಡಿದೆ. ಮೂರೂ ಸಲ ಸ್ಕೀಯ ಬಾಲ ಹಿಮಕ್ಕೆ ಸಿಕ್ಕಿ ಧೊಪ್ಪನೆ ಕೂತೆ. ನನ್ನದು ಬಾಡಿಗೆ ಸ್ಕೀ, ಹಿಂದಿನ ತುದಿ ಚಪ್ಪಟೆ. ತಪ್ಪು ನನ್ನದಾ, ಸ್ಕೀಯದಾ?

ಉತ್ತರ: ಎರಡರದ್ದೂ ಇದೆ. ಆದರೆ ಗೆಳೆಯರ ಮಾತನ್ನು ಮೊದಲು ಪಕ್ಕಕ್ಕಿಡಿ. ಒನ್ ಎಯ್ಟಿ ಅಂದರೆ ಗಾಳಿಯಲ್ಲಿ ಅರ್ಧ ಸುತ್ತು. ಹಾರುವುದೇನೋ ಒಂದು ಕ್ಷಣ, ನೆಲ ಮುಟ್ಟಿದ ಮೇಲೆ ಬೆನ್ನು ಕೆಳಗಿನ ಕಡೆಗೆ ಮಾಡಿಕೊಂಡು ವೇಗವಾಗಿ ಜಾರುತ್ತಿರುತ್ತೀರಿ. ಆಗ ನಿಲ್ಲಿಸುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ಮುಂದೇನು? ಹಿಂದಕ್ಕೆ ಜಾರಿ, ಹಿಂದಕ್ಕೇ ತಿರುಗಿ, ಹಿಂದಕ್ಕೇ ನಿಲ್ಲುವುದನ್ನು ಕಲಿತ ಮೇಲೆ ಹಾರುವುದು ಅರ್ಧ ಕಲಿತಂತೆಯೇ. ಅವರು ಹೇಳಿದ ದಾರಿಯಲ್ಲಿ ಕೆಲವರು ಕಲಿತಿದ್ದಾರೆ, ನಿಜ. ಬಿದ್ದು ಭಯ ಹತ್ತಿಸಿಕೊಂಡು ಬಿಟ್ಟವರೂ ಅಷ್ಟೇ ಇದ್ದಾರೆ.

ಸ್ಕೀ ವಿಷಯ ಮೊದಲು ಮುಗಿಸಿಬಿಡೋಣ. ಹಿಂದಕ್ಕೆ ಹೋಗುವಾಗ ಬಾಲವೇ ಮೂಗು ಆಗುತ್ತದೆ, ಹಿಮವನ್ನು ಮೊದಲು ಮುಟ್ಟುವುದು ಅದೇ. ಚಪ್ಪಟೆ ಬಾಲ ಗಟ್ಟಿಯಾಗಿ ಹದ ಮಾಡಿದ ಹಿಮದ ಮೇಲೆ ನಿಧಾನಕ್ಕೆ ಹೇಗೋ ಜಾರುತ್ತದೆ, ಮೆತ್ತನೆ ಹಿಮ ಸಿಕ್ಕಿತೋ, ಸಲಿಕೆಯಂತೆ ಒಳಗೆ ನುಗ್ಗುತ್ತದೆ. ಟ್ವಿನ್ ಟಿಪ್ ಅಂತ ಬರುತ್ತದೆ, ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ಬಾಡಿಗೆಗೆ ಕೊಡುವಲ್ಲಿ ಅದನ್ನೇ ಕೇಳಿ. ಇನ್ನೂ ಒಂದು ಗಮನಿಸಿ. ಸಾಮಾನ್ಯ ಸ್ಕೀಯಲ್ಲಿ ಬೂಟು ಕೂರುವ ಜಾಗ ನಡುವಿನಿಂದ ಸಾಕಷ್ಟು ಹಿಂದಿರುತ್ತದೆ, ಹಾಗಾಗಿ ಬಾಲ ಗಿಡ್ಡ. ಪಾರ್ಕ್, ಅಂದರೆ ಜಿಗಿಯಲೆಂದೇ ಉಬ್ಬು ಕಟ್ಟಿದ ಜಾಗ, ಅಲ್ಲಿ ಬಳಸುವ ಸ್ಕೀಗಳಲ್ಲಿ ಅದು ಹೆಚ್ಚುಕಡಿಮೆ ನಡುವಿಗೇ ಇರುತ್ತದೆ. ಆಗ ಯಾವ ಕಡೆ ಹೋದರೂ ಸ್ಕೀ ಒಂದೇ ಥರ ಅನ್ನಿಸುತ್ತದೆ. ಈಗಲೇ ಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಇನ್ನು ನಿಮ್ಮ ಪಾಲಿನ ತಪ್ಪು. ನೀವು ಬಿದ್ದದ್ದು ಹೇಗೆ ಅಂತ ನೋಡದೆಯೇ ಹೇಳಬಲ್ಲೆ, ಯಾಕೆಂದರೆ ಮೊದಲ ದಿನ ಎಲ್ಲರೂ ಬೀಳುವುದು ಹಾಗೆಯೇ. ಹಿಂದಕ್ಕೆ ಜಾರತೊಡಗಿದ ಕೂಡಲೇ ಹೆದರಿಕೆಗೆ ಮೈ ಕುರ್ಚಿ ಹುಡುಕುತ್ತದೆ. ಸೊಂಟ ಕೆಳಕ್ಕೆ, ಹಿಂದಕ್ಕೆ. ಭಾರವೆಲ್ಲ ಹಿಮ್ಮಡಿಗೆ, ಅಲ್ಲಿಂದ ಬಾಲಕ್ಕೆ. ಬಾಲ ಹಿಮಕ್ಕೆ ಒತ್ತಿಕೊಂಡು ಸಿಕ್ಕಿಬೀಳುತ್ತದೆ. ಸ್ಕೀ ಬೂಟಿನ ಹಿಂಭಾಗ ಗೋಡೆಯಷ್ಟು ಗಟ್ಟಿ, ಪಾದದ ಕೀಲು ಅದರೊಳಗೆ ಬಾಗುವುದು ಮುಂದಕ್ಕೆ ಮಾತ್ರ. ಆ ಗೋಡೆಗೆ ಒರಗಿದಿರಿ ಅಂದರೆ ಉಬ್ಬುತಗ್ಗು ಬಂದಾಗ ಬಾಗಿ ತಾಳಿಕೊಳ್ಳಲು ಏನೂ ಉಳಿಯುವುದಿಲ್ಲ. ಅದಕ್ಕೆ ಮೊಣಕಾಲ ಕೆಳಗೆ ಮುಂಭಾಗದಲ್ಲಿ ಮೂಳೆ ಇದೆಯಲ್ಲ, ಅದು ಬೂಟಿನ ನಾಲಿಗೆಗೆ ಹಗುರಾಗಿ ತಾಗಿಕೊಂಡೇ ಇರಲಿ. ಸ್ವಿಚ್‌ನಲ್ಲಿ ನಾನು ಒಂದೇ ಒಂದು ಮಾತು ಹೇಳಬಹುದು ಅಂದರೆ ಅದನ್ನೇ ಹೇಳುತ್ತೇನೆ. ಹಾಗಂತ ಮುಂದಿನ ತುದಿಗಳ ಮೇಲೆ ಬಗ್ಗಿ ಬೀಳುವುದೂ ಬೇಡ, ಆಗ ಬಾಲ ಹಗುರಾಗಿ ಹೇಳಿದ ಮಾತು ಕೇಳುವುದಿಲ್ಲ. ಪಾದದ ನಡುವೆ ನಿಂತಿರಿ.

ಎಲ್ಲಿಂದ ಶುರು ಅಂದರೆ, ಇರುವುದರಲ್ಲೇ ತೀರಾ ಸಣ್ಣ ಇಳಿಜಾರು ಹುಡುಕಿ. ಅಗಲವಾಗಿರಬೇಕು, ಜನ ಕಮ್ಮಿ ಇರಬೇಕು, ಕೊನೆಯಲ್ಲಿ ತಾನಾಗಿಯೇ ಸಮತಟ್ಟಾಗಬೇಕು. ಮೊದಲು ಅಡ್ಡಡ್ಡ ನಿಂತು, ಹಿಮಕ್ಕೆ ಕಚ್ಚಿಕೊಂಡ ಸ್ಕೀಯ ಅಂಚನ್ನು ಸ್ವಲ್ಪ ಸಡಿಲಿಸಿ, ಒಮ್ಮೆ ಮುಂದಕ್ಕೆ ಓರೆಯಾಗಿ, ಒಮ್ಮೆ ಹಿಂದಕ್ಕೆ ಓರೆಯಾಗಿ ಜಾರಿ. ಮರದಿಂದ ಎಲೆ ಉದುರುವಾಗ ಆಚೆ ಈಚೆ ತೂಗುತ್ತಾ ಬರುತ್ತದಲ್ಲ, ಹಾಗೆ. ಪೂರ್ತಿ ಬೆನ್ನು ತಿರುಗಿಸದೆಯೇ ಹಿಂದಕ್ಕೆ ಹೋಗುವ ರುಚಿ ಕಾಲಿಗೆ ಸಿಗುತ್ತದೆ.

ಆಮೇಲೆ ಇಳಿಜಾರಿನ ಮೇಲ್ಭಾಗಕ್ಕೆ ಮುಖ ಮಾಡಿ ನಿಲ್ಲಿ. ಮುಂದಕ್ಕೆ ಹೋಗುವಾಗ ಸ್ನೋಪ್ಲೋ ಅಂದರೆ ತುದಿ ಹತ್ತಿರ, ಬಾಲ ದೂರ ಅಲ್ವಾ? ಈಗ ಅದೇ ಉಲ್ಟಾ. ಬಾಲ ಹತ್ತಿರ, ತುದಿ ದೂರ. ಅಂಚು ಮಾತ್ರ ಅದೇ ಒಳಗಿನ ಅಂಚು. ಮೊಣಕಾಲುಗಳನ್ನು ಸ್ವಲ್ಪ ಒಳಕ್ಕೆ ತಂದರೆ ವೇಗ ಕಮ್ಮಿಯಾಗುತ್ತದೆ, ಬಿಟ್ಟರೆ ಜಾಸ್ತಿಯಾಗುತ್ತದೆ. ಹತ್ತು ಮೀಟರ್ ಹೋಗಿ ನಿಲ್ಲಿ. ಮತ್ತೆ ಹತ್ತು ಮೀಟರ್. ಮೊದಲ ದಿನ ಬೇರೆ ಏನೂ ಮಾಡಬೇಡಿ, ಇದೊಂದೇ ಮಾಡಿದರೆ ಸಾಕು. ಆಮೇಲೆ ತಿರುಗುವುದಕ್ಕೂ ಹೊಸ ಪಾಠ ಇಲ್ಲ, ಬಲಗಾಲು ಒತ್ತಿದರೆ ನಿಮ್ಮ ಎಡಗಡೆಗೆ, ಎಡಗಾಲು ಒತ್ತಿದರೆ ಬಲಗಡೆಗೆ, ಮುಂದಕ್ಕೆ ಹೋಗುವಾಗ ಇದ್ದ ಹಾಗೆಯೇ. ತಿರುವು ಕೈಗೆ ಬಂದಂತೆ ತುದಿಗಳನ್ನು ಹತ್ತಿರ ತನ್ನಿ, ಎರಡೂ ಸ್ಕೀ ಜೋಡಿಯಾಗುವವರೆಗೆ.

ಇಲ್ಲಿ ನನಗೆ ತುಂಬಾ ಪ್ರಿಯವಾದ ಒಂದು ಸಂಗತಿ ಹೇಳಲೇಬೇಕು. ಮುಂದಕ್ಕೆ ಜಾರುವಾಗ ನಿಮ್ಮ ಗೆರೆ ನಿಮಗೆ ಕಾಣುವುದಿಲ್ಲ, ಅದು ಬೆನ್ನ ಹಿಂದೆ ಉಳಿಯುತ್ತದೆ. ಸ್ವಿಚ್‌ನಲ್ಲಿ ನೀವು ಎಳೆದ ಗೆರೆ ನಿಮ್ಮ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ನಿಂತಾಗ ಅದನ್ನು ಓದಿ. ಉಲ್ಟಾ ಸ್ನೋಪ್ಲೋದಲ್ಲಿ ಕಸಬರಿಕೆಯಲ್ಲಿ ಗುಡಿಸಿದಂಥ ಎರಡು ಪಟ್ಟೆ ಬಿದ್ದಿರುತ್ತವೆ. ಎರಡೂ ಒಂದೇ ಅಗಲ ಇದ್ದರೆ ಭಾರ ಸಮ ಇದೆ. ಒಂದು ಆಳವಾಗಿ ಗೀಚಿ ಇನ್ನೊಂದು ತೆಳುವಾಗಿದ್ದರೆ ಒಂದೇ ಕಾಲಿನ ಮೇಲೆ ನಿಂತಿದ್ದೀರಿ. ಒಂದು ಸಲ ಬೆಳಗಿನ ಹೊಸ ಹಿಮದ ಪದರದ ಮೇಲೆ ನನ್ನ ಪಟ್ಟೆಗಳನ್ನು ನೋಡುತ್ತಾ ನಿಂತಿದ್ದೆ. ಬಲಗಡೆಯದು ಪ್ರತಿ ಮೂರು ನಾಲ್ಕು ಮೀಟರಿಗೆ ಒಮ್ಮೆ ಕಿತ್ತುಹೋಗಿತ್ತು. ಅಷ್ಟಷ್ಟು ದೂರಕ್ಕೆ ನಾನು ತಲೆ ತಿರುಗಿಸಿ ನೋಡಿದ್ದೆ, ನೋಡಿದಾಗಲೆಲ್ಲ ಬಲಗಾಲು ಎದ್ದಿತ್ತು. ಯಾರೂ ಹೇಳಿರದಿದ್ದ ತಪ್ಪನ್ನು ಹಿಮ ತೋರಿಸಿತು.

ಪ್ರಶ್ನೆ: ಹಿಂದಕ್ಕೆ ಹೋಗಲು ಬರುತ್ತದೆ, ಆದರೆ ಕತ್ತು ತಿರುಗಿಸಿದ ತಕ್ಷಣ ಸ್ಕೀಗಳೂ ತಿರುಗಿಬಿಡುತ್ತವೆ. ಯಾವ ಭುಜದ ಮೇಲಿಂದ ನೋಡಬೇಕು? ನೋಡದೆ ಹೋಗಬಹುದಾ?

ಉತ್ತರ: ನೋಡದೆ ಮಾತ್ರ ಹೋಗಲೇಬೇಡಿ. ಸ್ಕೀಯಿಂಗ್‌ಗೆ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಿಯಮಗಳಿವೆ. ಅದರಲ್ಲಿ ಒಂದು, ಹಿಂದಿನಿಂದ ಬರುವವರು ಮುಂದಿರುವವರಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳಬೇಕು. ಅಂದರೆ ಮೇಲಿನಿಂದ ಬರುವವರ ಜವಾಬ್ದಾರಿ. ಈಗ ಯೋಚಿಸಿ. ಸ್ವಿಚ್‌ನಲ್ಲಿ ನಿಮಗೆ ಚೆನ್ನಾಗಿ ಕಾಣುವುದು ನಿಮ್ಮ ಮೇಲೆ ಇರುವವರು, ನಿಮ್ಮನ್ನು ತಪ್ಪಿಸಿಕೊಂಡು ಹೋಗಬೇಕಾದವರು ಅವರು. ನೀವು ತಪ್ಪಿಸಿಕೊಳ್ಳಬೇಕಾದವರೆಲ್ಲ ಬೆನ್ನ ಹಿಂದೆ ಇದ್ದಾರೆ. ಅಲ್ಲಿ ಒಂದು ಪುಟ್ಟ ಮಗು ಬಿದ್ದು ಕೂತಿರಬಹುದು. ಹಿಂದಕ್ಕೆ ಹೋಗುತ್ತಿದ್ದೆ, ಕಾಣಲಿಲ್ಲ ಅನ್ನುವುದು ಒಂದು ಕಾರಣವೇ ಅಲ್ಲ. ಶುರುವಿನ ದಿನಗಳಲ್ಲಿ ಗೆಳೆಯರೊಬ್ಬರು ಪಕ್ಕದಲ್ಲಿ ಮುಂದಕ್ಕೆ ಮುಖ ಮಾಡಿ ಜಾರುತ್ತಾ ನಿಮ್ಮ ಕಣ್ಣಾಗಿರಲಿ.

ಯಾವ ಭುಜ ಅಂದರೆ, ಯಾವ ಕಡೆ ತಿರುಗುತ್ತೀರೋ ಆ ಭುಜ. ಎಡಕ್ಕೆ ತಿರುಗುವಾಗ ಎಡ ಭುಜದ ಮೇಲಿಂದ. ತಿರುವು ಬದಲಾಗುವಾಗ ತಲೆ ಈ ಕಡೆಯಿಂದ ಆ ಕಡೆಗೆ ಬರಬೇಕು, ಆ ನಡುವೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಆ ಕ್ಷಣ ನಿಧಾನವಾಗಿರುವಾಗಲೇ ಬರಲಿ, ಬದಲಿಸುವ ಮೊದಲು ಮುಂದಿನ ತಿರುವಿಗೆ ಜಾಗ ಇದೆಯಾ ಅಂತ ನೋಡಿಕೊಂಡಿರಿ. ಎಲ್ಲರಿಗೂ ಒಂದು ಭುಜ ಸಲೀಸು, ಇನ್ನೊಂದು ಕಷ್ಟ. ಸಲೀಸಾದದ್ದನ್ನೇ ಹಿಡಿದುಕೊಂಡರೆ ಮುಂದೆ ಹಾರುವಾಗ ಅದೇ ತೊಡಕಾಗುತ್ತದೆ, ಮೊದಲ ವಾರದಿಂದಲೇ ಎರಡನ್ನೂ ಮಾಡಿ.

ಇನ್ನು ಸ್ಕೀ ತಿರುಗಿಬಿಡುವುದು. ಕತ್ತು ಭುಜವನ್ನು ಎಳೆಯುತ್ತದೆ, ಭುಜ ಸೊಂಟವನ್ನು, ಸೊಂಟ ಕಾಲನ್ನು. ಈ ಸರಪಳಿಯನ್ನು ಸೊಂಟದಲ್ಲಿ ಕತ್ತರಿಸಬೇಕು. ಸಮತಟ್ಟಾದ ಕಡೆ ಸುಮ್ನೆ ನಿಂತು ಅಭ್ಯಾಸ ಮಾಡಿ. ಎರಡೂ ಕೈ ಅಗಲಿಸಿ ಮುಂದಿಡಿ. ತಲೆ ತಿರುಗಿಸಿ, ಎದೆ ಸ್ವಲ್ಪ ಜೊತೆಗೆ ಬರಲಿ, ನೋಡುವ ಕಡೆಯ ಕೈ ಸ್ವಲ್ಪ ಹಿಂದೆ ಹೋದರೂ ಪರವಾಗಿಲ್ಲ. ಹೊಕ್ಕುಳು ಮಾತ್ರ ಸ್ಕೀ ತುದಿಗಳನ್ನೇ ನೋಡುತ್ತಿರಬೇಕು. ಇದು ಬಂದಮೇಲೆ ಜಾರುತ್ತಾ ಮಾಡಿ. ಕತ್ತು ಜಾಸ್ತಿ ನೋಯುತ್ತಿದ್ದರೆ ಎದೆಯನ್ನು ಒಂಚೂರೂ ತಿರುಗಿಸದೆ ಎಲ್ಲ ಕೆಲಸವನ್ನೂ ಕತ್ತಿಗೇ ಕೊಡುತ್ತಿದ್ದೀರಿ ಅಂತ ಅರ್ಥ.

ಒಂದು ಎಚ್ಚರಿಕೆ. ಮೊದಲ ದಿನಗಳಲ್ಲಿ ಪೋಲ್, ಅಂದರೆ ಕೈಯ ಊರುಗೋಲು, ಬಿಟ್ಟು ಹೋಗಿ. ಹಿಂದಕ್ಕೆ ಬೀಳುವಾಗ ಕೈ ಊರುವುದು ಸಹಜ, ಕೈಯಲ್ಲಿ ಪೋಲ್ ಇದ್ದರೆ ಅದರ ಹಿಡಿ ಹೆಬ್ಬೆರಳನ್ನು ಹೊರಕ್ಕೆ ತಿರುಚುತ್ತದೆ. ಈ ಪೆಟ್ಟಿಗೆ ಸ್ಕೀಯರ್ಸ್ ಥಂಬ್ ಅಂತಲೇ ಹೆಸರಿದೆ. ನನ್ನ ಎಡ ಹೆಬ್ಬೆರಳು ಹೀಗೆಯೇ ಹೋಗಿ ವಾರಗಟ್ಟಲೆ ಅಂಗಿಯ ಗುಂಡಿ ಹಾಕಲು ಒದ್ದಾಡಿದ್ದೇನೆ. ಹೆಲ್ಮೆಟ್ ಬೇಕೇ ಬೇಕು, ಹಿಂದಕ್ಕೆ ಬಿದ್ದರೆ ತಲೆಯ ಹಿಂಭಾಗ ಬಡಿಯಬಹುದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಪದೇಪದೇ ಬಿಚ್ಚಿಕೊಳ್ಳುತ್ತಿದೆ ಅಂತ ನೀವೇ ಬಿಗಿ ಮಾಡಬೇಡಿ, ತಿಳಿದವರ ಕೈಯಲ್ಲಿ ನೋಡಿಸಿ. ಮಂಡಿ ಉಳಿಯುವುದು ಅದು ಸರಿಯಾದ ಹೊತ್ತಿಗೆ ಬಿಚ್ಚಿಕೊಂಡರೆ.

ಪ್ರಶ್ನೆ: ಇದೆಲ್ಲ ತೋರಿಕೆಗೆ ಅಲ್ಲವೇ? ಮುಂದಕ್ಕೆ ಚೆನ್ನಾಗಿ ಬಂದರೆ ಸಾಲದೇ?

ಉತ್ತರ: ಸಾಲುತ್ತದೆ, ಬೇಡ ಅನ್ನಿಸಿದರೆ ಬಿಡಿ. ಆದರೆ ತೋರಿಕೆ ಅನ್ನುವುದನ್ನು ಒಪ್ಪಲಾರೆ. ಹಿಮದ ಮೇಲೆ ಸಂಗೀತಕ್ಕೆ ಕುಣಿದಂತೆ ಜಾರುವ ಸ್ಕೀ ಬ್ಯಾಲೆ 1988ರ ಕ್ಯಾಲ್ಗರಿ ಮತ್ತು 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ಗಳಲ್ಲಿ ಪ್ರದರ್ಶನ ಆಟವಾಗಿತ್ತು, ಅದರಲ್ಲೂ ಹಿಂದಕ್ಕೆ ಜಾರುತ್ತಿದ್ದರು. 1998ರ ಸುಮಾರಿಗೆ ಸಲೋಮನ್ ಕಂಪನಿಯ ಟೆನ್ ಎಯ್ಟಿ ಎಂಬ ಟ್ವಿನ್ ಟಿಪ್ ಸ್ಕೀ ಬಂತು. ಮೂರು ಪೂರ್ತಿ ಸುತ್ತು ಅಂದರೆ 1080 ಡಿಗ್ರಿ, ಹೆಸರು ಅದೇ. ಅದರ ಹಿಂದೆ ಇದ್ದದ್ದು ಕೆನಡಾದ ಕೆಲವು ಮೊಗಲ್, ಅಂದರೆ ಹಿಮದ ಉಬ್ಬುಗಳ ಮೇಲೆ ಜಾರುವ, ಸ್ಕೀಯರ್‌ಗಳು. ಅಲ್ಲಿಂದ ಹಾರುವುದೂ ಇಳಿಯುವುದೂ ಹಿಂದುಮುಂದಾಗಿ ಮಾಡುವ ಆಟ ಬೆಳೆಯಿತು. 2014ರಲ್ಲಿ ಸೋಚಿಯಲ್ಲಿ ಸಾಲಾಗಿ ಇಟ್ಟ ಅಡೆತಡೆ, ಜಿಗಿತಗಳ ಮೇಲೆ ಆಡುವ ಸ್ಲೋಪ್‌ಸ್ಟೈಲ್ ಮತ್ತು ಅರ್ಧ ಕೊಳವೆಯಂಥ ಹಿಮದ ಹಾದಿಯಲ್ಲಿ ಆಡುವ ಹಾಫ್‌ಪೈಪ್, 2022ರಲ್ಲಿ ಬೀಜಿಂಗ್‌ನಲ್ಲಿ ಒಂದೇ ದೊಡ್ಡ ಜಿಗಿತದ ಬಿಗ್ ಏರ್ ಒಲಿಂಪಿಕ್ಸ್‌ಗೆ ಬಂದವು. ಈಗ ಅಲ್ಲಿ ಮುಂದಕ್ಕೆ ಹೋಗಿ ಎಡಕ್ಕೆ, ಬಲಕ್ಕೆ, ಸ್ವಿಚ್‌ನಲ್ಲಿ ಹೋಗಿ ಎಡಕ್ಕೆ, ಬಲಕ್ಕೆ, ಹೀಗೆ ನಾಲ್ಕು ಥರ ಸುತ್ತಲು ಬರಬೇಕು. ಸ್ಪರ್ಧೆ ಬೇಡ ಅಂದರೂ, ಪುಟ್ಟ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ನೋಡಿ. ಮಗುವಿನ ಎದುರು ಹಿಂದಕ್ಕೆ ಜಾರುತ್ತಾ, ಅದರ ಮುಖ ನೋಡುತ್ತಾ ಮಾತಾಡಿಸುತ್ತಿರುತ್ತಾರೆ.

ಪ್ರಶ್ನೆ: ಹಿಂದಕ್ಕೆ ಜಾರುವುದು, ನಿಲ್ಲುವುದು ಬಂದಿದೆ. ಒನ್ ಎಯ್ಟಿ ಯಾವಾಗ ಹಾರಬಹುದು?

ಉತ್ತರ: ಸುಲಭದ ಇಳಿಜಾರಿನಲ್ಲಿ ಯಾವ ಭುಜದಿಂದ ನೋಡಿದರೂ ಬೇಕೆಂದಲ್ಲಿ ನಿಲ್ಲಲು ಬರುತ್ತದಾ? ಹಾಗಾದರೆ ಮೊದಲು ಹಾರದೆಯೇ ತಿರುಗಿ. ನಿಧಾನಕ್ಕೆ ಮುಂದೆ ಜಾರುತ್ತಾ ಸ್ಕೀಗಳನ್ನು ಪೂರ್ತಿ ಚಪ್ಪಟೆಯಾಗಿಡಿ, ಮೊಣಕಾಲು ಬಿಚ್ಚಿ ಮೈಯನ್ನು ಮೇಲಕ್ಕೆತ್ತಿ, ಮೈ ಹಗುರಾದ ಆ ಕ್ಷಣದಲ್ಲಿ ಪಾದಗಳನ್ನು ತಿರುಗಿಸಿ. ಅಡ್ಡ ಬಂದಾಗ ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿದರೆ ಬೀಳುತ್ತೀರಿ, ಅದಕ್ಕೇ ಚಪ್ಪಟೆ ಅಂದದ್ದು. ಇದು ಎರಡೂ ಕಡೆಗೆ ಬಂದಮೇಲೆ ಅದೇ ಜಾಗದಲ್ಲಿ ಒಂದು ಗೇಣು ಮೇಲಕ್ಕೆ ಜಿಗಿದು ತಿರುಗಿ. ಆಮೇಲೆ ಸಣ್ಣ ಉಬ್ಬು. ಪಾರ್ಕಿನ ದೊಡ್ಡ ಜಿಗಿತಗಳಿಗೆ ಇನ್ನೂ ಸಮಯ ಇದೆ.

ಇಳಿಯುವಾಗ ಹೆಚ್ಚಿನವರು ಮಾಡುವ ತಪ್ಪು ಕೂಡ ಕಣ್ಣಿನದೇ. ಸ್ಕೀ ಹಿಮ ಮುಟ್ಟುವ ಮೊದಲೇ ಕೆಳಗೆ ಯಾರಿದ್ದಾರೆ ಅಂತ ಸುತ್ತುತ್ತಿದ್ದ ಕಡೆಗೇ ಇನ್ನೂ ತಲೆ ತಿರುಗಿಸುತ್ತಾರೆ, ತಲೆ ಹೋದಲ್ಲಿ ಮೈ ಹೋಗಿ ಅರ್ಧ ಸುತ್ತು ಮುಕ್ಕಾಲು ಸುತ್ತಾಗಿ ಅಡ್ಡಲಾಗಿ ಇಳಿಯುತ್ತಾರೆ. ಕೆಳಗೆ ಯಾರೂ ಇಲ್ಲ ಅನ್ನುವುದನ್ನು ಹಾರುವ ಮೊದಲೇ ನೋಡಿಕೊಳ್ಳಿ. ಗಾಳಿಯಲ್ಲಿ ಅರ್ಧ ತಿರುಗಿದ ಮೇಲೆ ನೀವು ಹಾರಿದ ಜಾಗ ಎದುರಿಗೆ ಬರುತ್ತದೆ, ಅದನ್ನೇ ನೋಡುತ್ತಿರಿ. ಎರಡೂ ಸ್ಕೀ ಹಿಮ ಮುಟ್ಟಲಿ, ಕಾಲಿನ ಮೂಳೆ ಬೂಟಿನ ನಾಲಿಗೆಗೆ ತಾಗಲಿ, ಆಮೇಲೆ ಭುಜದ ಮೇಲಿಂದ ನೋಡಿ ಪಕ್ಕಕ್ಕೆ ಸರಿದುಬಿಡಿ. ಉಬ್ಬಿನ ಕೆಳಗೆ ನಿಲ್ಲಬೇಡಿ, ಮುಂದಿನವರು ಹಾರಲು ಕಾಯುತ್ತಿರುತ್ತಾರೆ, ಮೇಲಿನಿಂದ ಅವರಿಗೆ ನೀವು ಕಾಣುವುದಿಲ್ಲ.