ಜೈಲಿನ ಪಕ್ಕದ ಮನೆಯ ಕಥೆ: 11 ವರ್ಷದ ಮಗಳಿಗೆ ಕೊಡಬಹುದಾ?

ಮಗಳು ಲೈಬ್ರರಿಯಿಂದ ‘ಅಲ್ ಕಪೋನ್ ಡಸ್ ಮೈ ಶರ್ಟ್ಸ್’ ತಂದಿದ್ದಾಳೆ, ಹೆಸರಲ್ಲೇ ಗ್ಯಾಂಗ್‌ಸ್ಟರ್ ಇದ್ದಾನೆ, ಓದಲು ಬಿಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಬಿಡಿ. ಆದರೆ ನೀವೂ ಜೊತೆಗೆ ಓದಿ.

ಜೆನಿಫರ್ ಚೋಲ್ಡೆಂಕೊ ಬರೆದ ಈ ಕಾದಂಬರಿ 2004ರಲ್ಲಿ ಬಂತು. ಕಥೆ ನಡೆಯುವುದು 1935ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಲ್ಕಟ್ರಾಜ್ ದ್ವೀಪದಲ್ಲಿ. 12 ವರ್ಷದ ಮೂಸ್‌ನ ಅಪ್ಪನಿಗೆ ಅಲ್ಲಿನ ಜೈಲಿನಲ್ಲಿ ಕೆಲಸ ಸಿಕ್ಕಿ, ಮನೆಮಂದಿಯೆಲ್ಲ ದ್ವೀಪಕ್ಕೆ ಬರುತ್ತಾರೆ.

ಹೀಗೆ ಜೈಲಿನ ಪಕ್ಕ ಸಂಸಾರ ಹೂಡಿದ್ದು ಬರೀ ಕಲ್ಪನೆಯಲ್ಲ. ಆಲ್ಕಟ್ರಾಜ್ 1934ರಿಂದ 1963ರವರೆಗೆ ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಜೈಲಾಗಿತ್ತು. ಸಿಬ್ಬಂದಿಯ ಹೆಂಡತಿ ಮಕ್ಕಳು ಅಲ್ಲೇ ಇದ್ದರು. ಮಕ್ಕಳು ದೋಣಿ ಹತ್ತಿ ನಗರದ ಶಾಲೆಗೆ ಹೋಗಿಬರುತ್ತಿದ್ದರು. ಆಟದ ಬಂದೂಕು ಇಟ್ಟುಕೊಳ್ಳುವ ಹಾಗಿರಲಿಲ್ಲ. ತೆರಿಗೆ ವಂಚನೆಗೆ ಶಿಕ್ಷೆಯಾಗಿದ್ದ ಅಲ್ ಕಪೋನ್‌ನನ್ನು 1934ರಲ್ಲಿ ಅಲ್ಲಿಗೆ ತಂದರು. ಜೈಲಿನ ಲಾಂಡ್ರಿಯಲ್ಲೂ ಅವನು ದುಡಿದ. ಕಾದಂಬರಿಯಲ್ಲಿ ಜೈಲಿನ ಮುಖ್ಯಸ್ಥ ವಾರ್ಡನ್‌ನ ಮಗಳು ಪೈಪರ್ ಇದನ್ನೇ ಬಳಸಿಕೊಳ್ಳುತ್ತಾಳೆ. ‘ನಿಮ್ಮ ಅಂಗಿ ಕಪೋನ್ ಕೈಯಲ್ಲಿ ಒಗೆಸಿಕೊಡ್ತೀವಿ’ ಅಂತ ಸಹಪಾಠಿಗಳಿಂದ ದುಡ್ಡು ವಸೂಲಿ ಮಾಡುತ್ತಾಳೆ! ಮಕ್ಕಳು ಈ ಭಾಗ ಓದಿ ಜೋರಾಗಿ ನಗುತ್ತಾರೆ.

ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಮೂಸ್‌ನ ಅಕ್ಕ ನಟಾಲಿ. ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಾಳೆ, ಪುಸ್ತಕದ ಕೊನೆಯ ವಿಷಯಸೂಚಿ ಓದುತ್ತಾಳೆ, ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು. ಒಮ್ಮೊಮ್ಮೆ ನೆಲಕ್ಕೆ ಬಿದ್ದು ಕಿರುಚುತ್ತಾಳೆ. ಇವತ್ತಿನವರು ಆಟಿಸಂ ಅನ್ನುತ್ತಿದ್ದರೇನೋ. ಮನೋವೈದ್ಯ ಲಿಯೊ ಕ್ಯಾನರ್ ಅದರ ಬಗ್ಗೆ ಬರೆದದ್ದು 1943ರಲ್ಲಿ, ಹಾಗಾಗಿ ಈ ಮನೆಯವರ ಬಳಿ ಅದಕ್ಕೊಂದು ಹೆಸರೂ ಇಲ್ಲ. ನಗರದ ಒಂದು ವಿಶೇಷ ಶಾಲೆಗೆ ಸೇರಿಸಬೇಕು ಅಂತಲೇ ಅವರು ಇಲ್ಲಿಗೆ ಬಂದಿರುವುದು. ಚಿಕ್ಕ ಮಗುವಾದರೆ ಸಹಾಯ ಸಿಗಬಹುದು ಅಂತ ಅಮ್ಮ ವರ್ಷ ವರ್ಷವೂ ಮಗಳಿಗೆ 10 ಅಂತಲೇ ಹೇಳುತ್ತಾಳೆ. ಆ ಸುಳ್ಳಿನ ಹಿಂದಿರುವ ಹತಾಶೆ ಓದುವಾಗ ಹೊಟ್ಟೆ ಕಿವುಚುತ್ತದೆ. ಲೇಖಕಿಯ ಅಕ್ಕನಿಗೂ ತೀವ್ರ ಆಟಿಸಂ ಇತ್ತು. ಅದಕ್ಕೇ ಇರಬೇಕು, ನಟಾಲಿಯನ್ನು ಅಯ್ಯೋ ಪಾಪ ಅನ್ನಿಸುವ ಹಾಗೆ ಎಲ್ಲೂ ಬರೆದಿಲ್ಲ.

ಅಕ್ಕನನ್ನು ನೋಡಿಕೊಳ್ಳುವ ಹೊಣೆ ಮೂಸ್ ಮೇಲೆ ಬೀಳುತ್ತದೆ. ಬೇಸ್‌ಬಾಲ್ ತಪ್ಪುತ್ತದೆ, ಸಿಟ್ಟು ಬರುತ್ತದೆ, ಸಿಟ್ಟು ಬಂತಲ್ಲ ಅಂತ ನೋವಾಗುತ್ತದೆ. ವಿಶೇಷ ಮಗುವಿರುವ ಮನೆಗಳಲ್ಲಿ ಒಡಹುಟ್ಟಿದವರ ಈ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಇಷ್ಟು ಸಾಚಾ ಆಗಿ ಅದನ್ನು ಹೇಳಿದ ಮಕ್ಕಳ ಪುಸ್ತಕಗಳು ಕಡಿಮೆ.

ನೀವು ಗಮನಿಸಬೇಕಾದ ಒಂದು ಜಾಗವಿದೆ. ನಟಾಲಿ ಒಬ್ಬ ಕೈದಿಯ ಕೈ ಹಿಡಿದು ಕೂತಿರುವುದನ್ನು ಮೂಸ್ ನೋಡುತ್ತಾನೆ. ಅಸಹ್ಯವಾದದ್ದೇನೂ ಇಲ್ಲ. ಆದರೆ ನಟಾಲಿಗೆ ನಿಜವಾಗಿ ಎಷ್ಟು ವಯಸ್ಸು ಅನ್ನುವ ಪ್ರಶ್ನೆ ಅಲ್ಲಿ ಎದ್ದು ನಿಲ್ಲುತ್ತದೆ. ಮಗಳು ಕೇಳಿದರೆ ಮಾತು ಮರೆಸಬೇಡಿ, ಕೂತು ಮಾತಾಡಿ. ರಕ್ತಪಾತ, ಕೊಲೆಯ ವರ್ಣನೆ ಅಂತ ಹೆದರಬೇಕಿಲ್ಲ. ಕಪೋನ್ ಬಹುಪಾಲು ತೆರೆಯ ಹಿಂದೆಯೇ ಇರುತ್ತಾನೆ. ಇಷ್ಟವಾದರೆ ಇದರ ಮುಂದುವರಿಕೆಯೂ ಇದೆ, ಆದರೆ ಮೊದಲು ಇದನ್ನೇ ಓದಲಿ.