ಟ್ರೈಪಾಡ್ ಸಮೇತ ಬಿದ್ದ ಕ್ಯಾಮೆರಾಗೆ ಒಳಪೆಟ್ಟಾಗಿದೆಯೇ ಎಂದು ತಿಳಿಯುವುದು ಹೇಗೆ?

ಮದುವೆ ಛತ್ರದಲ್ಲಿ ಯಾರದೋ ಕಾಲು ತಾಗಿ ಡಿಎಸ್‌ಎಲ್‌ಆರ್ ಮತ್ತು 24-70 ಝೂಮ್ ಲೆನ್ಸ್ ಟ್ರೈಪಾಡ್ ಸಮೇತ ಬಿತ್ತು, ಲೆನ್ಸಿನ ಮುಂದಿನ ಹುಡ್ ಮೇಲಿನ ಗೀರು ಬಿಟ್ಟರೆ ಏನೂ ಕಾಣುತ್ತಿಲ್ಲ, ಫೋಟೋ ಬರುತ್ತಿದೆ ಎಂದಿದ್ದೀರಿ. ಹಿಂದಿನ ಪುಟ್ಟ ಪರದೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ನನ್ನ ಬ್ಯಾಗ್ ಬೈಕಿನಿಂದ ಬಿದ್ದಾಗ ನಾನು ಹಾಗೇ ಮಾಡಿದೆ, ಆಮೇಲೆ ಎರಡು ಮದುವೆಯನ್ನೂ ತೆಗೆದೆ. 12×36 ಇಂಚಿನ ಆಲ್ಬಂ ಪ್ರಿಂಟ್ ಆಗಿ ಬಂದಾಗ ಗ್ರೂಪ್ ಫೋಟೋಗಳಲ್ಲೆಲ್ಲ ಬಲತುದಿಯವರ ಮುಖ ಮಸುಕು. ಒಂದರಲ್ಲಿ ಅಲ್ಲಿ ಕೂತಿದ್ದವರು ಮದುಮಗಳ ಅಜ್ಜಿ. ಆ ಫೋಟೋ ಮತ್ತೆ ತೆಗೆಯಲು ಆಗಲಿಲ್ಲ.

ಲೆನ್ಸಿನೊಳಗಿನ ಗಾಜು ಕೂದಲೆಳೆಯಷ್ಟು ಜರುಗಿದರೂ ಸಾಕು, ನಡುಭಾಗ ಶಾರ್ಪ್ ಆಗಿಯೇ ಇದ್ದು ಒಂದು ಬದಿ ಮಾತ್ರ ಕೆಡಬಹುದು. ಇದಕ್ಕೆ ಡೀಸೆಂಟರಿಂಗ್ ಎನ್ನುತ್ತಾರೆ. ಪತ್ತೆಗೆ ದಿನಪತ್ರಿಕೆಯ ಕ್ಲಾಸಿಫೈಡ್ ಪುಟಗಳೇ ಸಾಕು, ಅಷ್ಟು ಸಣ್ಣ ಅಕ್ಷರ ಬೇರೆಲ್ಲೂ ಸಿಗುವುದಿಲ್ಲ. ಗೋಡೆಯ ಮೇಲೆ, ಫ್ರೇಮಿನ ನಾಲ್ಕು ಮೂಲೆ ಬೀಳುವಲ್ಲಿ ಒಂದೊಂದು ಹಾಳೆ ಅಂಟಿಸಿ. ನಡುವೆ ಅಂಗೈಯಗಲದ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸಿ, ಅದರಲ್ಲಿ ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಾಣುವ ತನಕ ಟ್ರೈಪಾಡ್ ಸರಿಸಿ. ಈ ಕೆಲಸಕ್ಕೆ ಅವಸರ ಮಾಡಬೇಡಿ. ಕ್ಯಾಮೆರಾ ತುಸು ಓರೆಯಾಗಿದ್ದರೂ ಒಳ್ಳೆಯ ಲೆನ್ಸನ್ನೇ ಅನುಮಾನಿಸುತ್ತೀರಿ. ಆಮೇಲೆ ಕನ್ನಡಿ ತೆಗೆದು ಅಲ್ಲಿ ಐದನೆಯ ಹಾಳೆ.

ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಂಡಿ) ಪೂರ್ತಿ ತೆರೆದು ಎಫ್/2.8, ಎರಡು ಸೆಕೆಂಡ್ ಟೈಮರ್, ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಇದ್ದರೆ ಆಫ್. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡುತ್ತಾ, ನಡುವಿನ ಅಕ್ಷರಕ್ಕೆ ಫೋಕಸ್ ಮಾಡಿ. ಝೂಮ್ ರಿಂಗಿನ 24, 35, 50, 70 ನಾಲ್ಕರಲ್ಲೂ, ಪ್ರತಿ ಸಲ ಹಾಳೆಗಳನ್ನು ಫ್ರೇಮಿನ ಮೂಲೆಗಳಿಗೆ ಸರಿಸಿಕೊಂಡು ತೆಗೆಯಿರಿ, ಕೆಲವು ಲೆನ್ಸುಗಳ ದೋಷ ಒಂದೆರಡು ಕಡೆ ಮಾತ್ರ ಹೊರಬೀಳುತ್ತದೆ. ಕಂಪ್ಯೂಟರಿನಲ್ಲಿ 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿ. ನಾಲ್ಕೂ ಮೂಲೆ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಅಥವಾ ಒಂದೇ ಬದಿ ಕೆಟ್ಟಿದ್ದರೆ ಪೆಟ್ಟಾಗಿರಬಹುದು. ಆಗ ಗೆಳೆಯರಿಂದ ಇನ್ನೊಂದು ಲೆನ್ಸ್ ತಂದು ಹಾಕಿ. ಅದರಲ್ಲೂ ಅದೇ ಮೂಲೆ ಹೋದರೆ ಕ್ಯಾಮೆರಾ ಬಾಡಿಯಲ್ಲಿ ಲೆನ್ಸ್ ಕೂರುವ ಮೌಂಟ್ ಅಥವಾ ಚಿತ್ರ ಹಿಡಿಯುವ ಸೆನ್ಸರ್ ಓರೆಯಾಗಿರುವ ಸಾಧ್ಯತೆ ಹೆಚ್ಚು.

ಡಿಎಸ್‌ಎಲ್‌ಆರ್‌ನಲ್ಲಿ ಇನ್ನೊಂದು ಕಡೆಯೂ ಪೆಟ್ಟು ಅಡಗಿರುತ್ತದೆ. ವ್ಯೂಫೈಂಡರ್‌ನಲ್ಲಿ ಫೋಕಸ್ ಅಳೆಯುವುದು ಕ್ಯಾಮೆರಾದೊಳಗಿನ ಕನ್ನಡಿಯ ದಾರಿಯಾಗಿ ಕೆಳಗಿನ ಬೇರೆಯೇ ಸೆನ್ಸರ್. ಲೈವ್ ವ್ಯೂನಲ್ಲಿ ಚಿತ್ರದ ಸೆನ್ಸರೇ. ಎರಡೂ ರೀತಿ ನಾಲ್ಕೈದು ಸಲ ತೆಗೆಯಿರಿ. ಲೈವ್ ವ್ಯೂ ಪ್ರತಿ ಸಲ ಶಾರ್ಪ್, ವ್ಯೂಫೈಂಡರ್ ಪ್ರತಿ ಸಲ ಮಸುಕು ಬಂದು, ಬೀಳುವ ಮೊದಲು ಹಾಗಿರಲಿಲ್ಲ ಎಂದಾದರೆ ಕನ್ನಡಿಯ ಹೊಂದಾಣಿಕೆ ತಪ್ಪಿರಬಹುದು.

ಅಪರ್ಚರ್ ನೋಡಲು ಮ್ಯಾನುಯಲ್‌ನಲ್ಲಿ ಒಂದೇ ಬೆಳಕಿಗೆ (ಮೊದಲನೆಯದು ಅಪರ್ಚರ್, ಎರಡನೆಯದು ಸೆಕೆಂಡಿನಲ್ಲಿ ಶಟರ್ ವೇಗ) ಎಫ್/2.8-1/500, ಎಫ್/5.6-1/125, ಎಫ್/11-1/30 ತೆಗೆಯಿರಿ. ಮೂರರ ನಡುಭಾಗವೂ ಒಂದೇ ಬೆಳಕಿನಲ್ಲಿರಬೇಕು. ಎಫ್/11 ಮಾತ್ರ ಬೆಳ್ಳಗೆ ಬಂದರೆ ಅಪರ್ಚರಿನ ಬ್ಲೇಡುಗಳು ಸರಿಯಾಗಿ ಮುಚ್ಚುತ್ತಿಲ್ಲ. ಶಟರ್‌ಗೆ ಹಗಲು ಬೆಳಕಿನಲ್ಲಿ ಬಿಳಿ ಗೋಡೆಯನ್ನು 1/4000ರಲ್ಲಿ ತೆಗೆದು ಕಪ್ಪು ಪಟ್ಟಿ ಇದೆಯೇ ನೋಡಿ. ಟ್ಯೂಬ್‌ಲೈಟ್ ಬೇಡ, ಅದರಿಂದಲೇ ಪಟ್ಟಿ ಬರುತ್ತದೆ. ಝೂಮ್ ರಿಂಗ್ ಎಲ್ಲಾದರೂ ಕಚ್ಚಿದರೆ ಬಲವಂತ ಮಾಡಬೇಡಿ. ಸ್ಟೆಬಿಲೈಸೇಶನ್ ಇರುವ ಲೆನ್ಸನ್ನು ಆಫ್ ಆಗಿದ್ದಾಗ ಅಲ್ಲಾಡಿಸಿದರೆ ಸಣ್ಣ ಸದ್ದು ಬರುವುದುಂಟು, ಅದಕ್ಕೆ ಹೆದರಬೇಕಿಲ್ಲ.

ರಿಪೇರಿಗೆ ಕೊಡುವುದಾದರೆ ಈ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಜೊತೆಗೇ ಕೊಡಿ, ಬಿದ್ದದ್ದನ್ನು ಮುಚ್ಚಿಡದೆ ಹೇಳಿ. ವಾಪಸ್ ಬಂದ ದಿನವೇ ಅದೇ ಗೋಡೆಗೆ ಹಾಳೆ ಅಂಟಿಸಿ ಇನ್ನೊಮ್ಮೆ ತೆಗೆದು ನೋಡಿ. ಅಲ್ಲಿಯವರೆಗಿನ ಮದುವೆಗಳಿಗೆ ಬಾಡಿಗೆ ಲೆನ್ಸ್ ತೆಗೆದುಕೊಂಡು ಹೋಗಿ.